ಪಾತ್ರೆ ಯಾರದು?

ಅಮೆರಿಕಕ್ಕೆ ಹೋಗಿ ಬಂದ ಹೆಂಗಸರು ಏನನ್ನು ಮಾತಾಡಬೇಕು ಎಂಬುದಕ್ಕೆ ನಮ್ಮೂರಿನಲ್ಲಿ ಯಾರೂ ಬರೆದಿಡದ ಒಂದು ನಿಯಮವಿದೆ. ನಯಾಗರಾ ಜಲಪಾತವನ್ನು ವರ್ಣಿಸಬಹುದು. ಹಾರ್ನ್ ಹೊಡೆಯದ ಕಾರುಗಳನ್ನು, ಕಸವಿಲ್ಲದ ಬೀದಿಗಳನ್ನು, ಅಲ್ಲಿಯ ದೇವಸ್ಥಾನದಲ್ಲಿ ಕೊಟ್ಟ ಪುಳಿಯೋಗರೆಯನ್ನು ಹೊಗಳಬಹುದು. ಕೊನೆಗೆ ‘ಏನೇ ಆಗಲಿ ನಮ್ಮೂರೇ ನಮಗೆ ಚೆಂದ’ ಎಂದು ಹೇಳಿ ಕುಳಿತುಕೊಂಡರೆ ಚಪ್ಪಾಳೆ ಖಂಡಿತ. 2023ರ ಬೇಸಿಗೆ ರಜೆಯಲ್ಲಿ ಏಳು ವಾರ ಮಗಳ ಮನೆಯಲ್ಲಿದ್ದು ಬಂದ ನನ್ನನ್ನು ನಮ್ಮ ಹೆಂಗಸರ ಕೂಟವೊಂದು ಮಾತಿಗೆ ಕರೆದಾಗ ನಾನು ಈ ನಿಯಮವನ್ನು ಮುರಿದೆ. ನನ್ನ ಅಳಿಯ ಅಡುಗೆಮನೆಯಲ್ಲಿ ಬಿಯರ್ ಕಾಯಿಸುವುದನ್ನು ವಿವರಿಸಿದೆ. ಮುಂದಿನ ಸಾಲಿನ ಕುರ್ಚಿಗಳು ಸದ್ದು ಮಾಡಿದವು. ವಂದನಾರ್ಪಣೆ ಮಾಡಿದಾಕೆ ನನ್ನ ಕೈ ಹಿಡಿದು, “ಟೀಚರ್, ನೀವು ಮಕ್ಕಳಿಗೆ ಪಾಠ ಹೇಳುವವರು, ಇಂಥದ್ದೆಲ್ಲ ಸಭೆಯಲ್ಲಿ ಹೇಳಬಹುದಾ?” ಎಂದರು. ಬೈಗುಳವಲ್ಲ, ಕನಿಕರ. ಅದೇ ನನಗೆ ಹೆಚ್ಚು ಚುಚ್ಚಿತು.

ಆ ದಿನ ಅವರಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲು ನಡೆದದ್ದು ಹೇಳಿಬಿಡುತ್ತೇನೆ. ಮಗಳ ಮನೆ ಇರುವುದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಮೊಮ್ಮಗನಿಗೆ ಆಗ ಏಳು ತಿಂಗಳು. ಅವನಿಗೆಂದು ನನ್ನ ಅಕ್ಕ ಎರಡು ಕಿಲೋ ಸರಿಹಿಟ್ಟು ಮಾಡಿ ಕಟ್ಟಿಕೊಟ್ಟಿದ್ದಳು. ಸರಿಹಿಟ್ಟು ಎಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಒಂದು ಮಾತು: ರಾಗಿಯನ್ನು ತೊಳೆದು ರಾತ್ರಿಯೆಲ್ಲ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಿಳಿಯ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು. ಮಗುವಿನ ಮೊದಲ ಗಂಜಿ ಅದರಿಂದಲೇ.

ಮೊದಲನೆಯ ಶನಿವಾರ ಬೆಳಿಗ್ಗೆ ಮಗುವಿಗೆ ಸರಿ ಮಾಡಲು ಅಡುಗೆಮನೆಗೆ ಹೋದರೆ ಒಲೆಯ ದೊಡ್ಡ ಉರಿಯ ಮೇಲೆ ಅಳಿಯ ಆಗಲೇ ಒಂದು ಪಾತ್ರೆ ಇಟ್ಟಿದ್ದಾನೆ. ಎಂಟು ಲೀಟರಿನ ಸ್ಟೀಲ್ ಪಾತ್ರೆ. ಹತ್ತು ಜನ ಬಂದರೆ ಮಗಳು ಸಾರು ಮಾಡುವ ಪಾತ್ರೆಯೇ ಅದು, ನಾನೇ ಮದುವೆಯಲ್ಲಿ ಕೊಟ್ಟಿದ್ದು. ಪಕ್ಕದಲ್ಲಿ ಥರ್ಮಾಮೀಟರು, ತಕ್ಕಡಿ, ಬಿಳಿಯ ನೈಲಾನ್ ಚೀಲ, ಒಂದು ಕಾಗದದ ಪೊಟ್ಟಣದಲ್ಲಿ ರವೆಯಂತೆ ಒಡೆದ ಧಾನ್ಯ.

“ಏನಿದು?” ಎಂದೆ.

“ಬಿಯರ್ ಮಾಡ್ತಿದ್ದೀನಿ ಅತ್ತೆ. ಆಲ್‌ಗ್ರೇನ್” ಎಂದ, ಪಿಎಚ್‌ಡಿ ಪದವಿಯ ಹೆಸರು ಹೇಳುವಂತೆ.

ಆಲ್‌ಗ್ರೇನ್ ಎಂದರೇನೆಂದು ಅವನು ಹೇಳಿದ್ದನ್ನು ನಾನು ನನ್ನ ಭಾಷೆಗೆ ತಂದುಕೊಂಡದ್ದು ಹೀಗೆ. ಅಲ್ಲಿಯ ಅಂಗಡಿಗಳಲ್ಲಿ ಮಾಲ್ಟಿನ ಪಾಕ ಡಬ್ಬಿಯಲ್ಲಿ ಸಿಗುತ್ತದೆ, ಅದನ್ನು ನೀರಿಗೆ ಹಾಕಿ ಕುದಿಸುವವರು ಒಂದು ವರ್ಗ. ಇದು ಪ್ಯಾಕೆಟ್ಟಿನ ಸಾರಿನ ಪುಡಿ. ಕಾಳಿನಿಂದಲೇ ಶುರು ಮಾಡುವವರು ಇನ್ನೊಂದು ವರ್ಗ. ಇವರು ಮನೆಯಲ್ಲೇ ಧನಿಯ ಹುರಿದು ಪುಡಿ ಮಾಡುವವರು. ಎರಡನೆಯವರಿಗೆ ಮೊದಲನೆಯವರನ್ನು ಕಂಡರೆ ತುಸು ತಾತ್ಸಾರ, ನಮ್ಮಲ್ಲಿಯೂ ಹಾಗೆಯೇ.

ಪೊಟ್ಟಣಕ್ಕೆ ಕೈ ಹಾಕಿ ನಾಲ್ಕು ಕಾಳಿನ ತರಿ ಬಾಯಿಗೆ ಹಾಕಿಕೊಂಡೆ. ಅಗಿದರೆ ಸಿಹಿ. ಹುರಿದ ಘಮ. “ಇದು ಮೊಳಕೆ ಬರಿಸಿ ಒಣಗಿಸಿದ ಕಾಳು” ಎಂದೆ. ಅಳಿಯ ಬೆರಗಾದ. “ನಿಮಗೆ ಹೇಗೆ ಗೊತ್ತು ಅತ್ತೆ? ಇದು ಬಾರ್ಲಿ ಮಾಲ್ಟ್!” ನನ್ನ ಕೈಯಲ್ಲಿದ್ದ ಸರಿಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದೆ. ಇದೂ ಅದೇ, ಅದೂ ಇದೇ. ಒಂದು ಬಾರ್ಲಿ, ಒಂದು ರಾಗಿ, ಅಷ್ಟೇ.

ಆ ದಿನ ಒಂದೇ ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ಮೊಮ್ಮಗನ ಸರಿ, ಇನ್ನೊಂದರಲ್ಲಿ ಅವರಪ್ಪನ ಬಿಯರು. ನಾನು ಸರಿ ಕೆದಕುತ್ತಲೇ ಪಕ್ಕದ ಪಾತ್ರೆಯನ್ನು ನೋಡುತ್ತ ನಿಂತೆ. ಸುಮಾರು ಏಳು ಲೀಟರು ನೀರು ಕಾಯಿಸಿ, ಚೀಲವನ್ನು ಪಾತ್ರೆಯೊಳಗೆ ಇಳಿಬಿಟ್ಟು, ಒಂದು ಕಿಲೋದಷ್ಟು ತರಿಯನ್ನು ಗಂಟಾಗದಂತೆ ಕಲಸಿದ. ಶಾಖ 67 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಒಂದು ಗಂಟೆ ನಿಲ್ಲಬೇಕು. ತೀರ ಬಿಸಿಯಾದರೆ ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಸತ್ತುಹೋಗುತ್ತದೆ, ತೀರ ತಣ್ಣಗಾದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಗಂಟೆಯಲ್ಲಿ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಪಾತ್ರೆ ಚಿಕ್ಕದಾದಷ್ಟೂ ಬೇಗ ಆರುತ್ತದೆ, ಸಣ್ಣ ಪಾತ್ರೆಯವರ ಕಷ್ಟ ಅದೇ. ಅವನು ಥರ್ಮಾಮೀಟರು ನೋಡುತ್ತ ಒಲೆ ಹತ್ತಿಸುತ್ತ ಆರಿಸುತ್ತ ಚಡಪಡಿಸುತ್ತಿದ್ದ. ಡಿಸೆಂಬರಿನ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗು ಬರಿಸಿದವಳು ನಾನು. ಮಗುವಿನ ಹಳೆಯ ಹೊದಿಕೆ ತಂದು ಪಾತ್ರೆಗೆ ಸುತ್ತಿ, ಮೇಲೆ ತಟ್ಟೆ ಮುಚ್ಚಿ, ಅವನನ್ನು ಹೊರಗೆ ಕಳಿಸಿದೆ. ಒಂದು ಗಂಟೆಯಾದ ಮೇಲೆ ತೆಗೆದರೆ ಶಾಖ ಎರಡು ಡಿಗ್ರಿಯೂ ಇಳಿದಿರಲಿಲ್ಲ.

ಆಮೇಲೆ ಚೀಲವನ್ನೆತ್ತಿ ಬಸಿದ. ಕೆಳಗುಳಿದ ರಸವನ್ನು ಒಂದು ಚಮಚ ನನಗೆ ಕೊಟ್ಟ. ನಿಜ ಹೇಳುತ್ತೇನೆ, ಬೆಲ್ಲ ಹಾಕಿದ ತೆಳುವಾದ ರಾಗಿ ಗಂಜಿಯ ನೆನಪಾಯಿತು. ಅದನ್ನು ಒಂದು ಗಂಟೆ ಕುದಿಸಿ, ಕುದಿಯುವಾಗಲೇ ಹಾಪ್ಸ್ ಎಂಬ ಕಹಿ ಹೂವಿನ ಹಸಿರು ಗುಳಿಗೆಗಳನ್ನು ಹಾಕಿದ. ಅವನು ಹಾಕಿದ್ದು ಕ್ಯಾಸ್ಕೇಡ್ ಎಂಬ ತಳಿ, ಆ ರಾಜ್ಯದ ವಿಶ್ವವಿದ್ಯಾಲಯದವರೂ ಅಮೆರಿಕದ ಕೃಷಿ ಇಲಾಖೆಯವರೂ ಸೇರಿ 1972ರಲ್ಲಿ ಬಿಡುಗಡೆ ಮಾಡಿದ್ದಂತೆ. ಆ ವಾಸನೆ ಸಾರಿನ ಪಾತ್ರೆಗೆ ಮೂರು ದಿನ ಅಂಟಿಕೊಂಡಿತ್ತು. ಆರಿಸಿ, ಗಾಜಿನ ಜಾಡಿಗೆ ಸುರಿದು, ಯೀಸ್ಟ್ ಬೆರೆಸಿ, ಗಾಳಿ ಹೊರಹೋಗುವ ಆದರೆ ಒಳಬರದ ಬಿರಡೆ ಹಾಕಿ ಕತ್ತಲಲ್ಲಿಟ್ಟ. ಎರಡು ವಾರ. ಆಮೇಲೆ ಚೂರು ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿ ಇನ್ನೆರಡು ವಾರ. ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದು ಒಂಬತ್ತು ಸಣ್ಣ ಬಾಟಲಿ.

ಪಾತ್ರೆ, ಚೀಲ, ಸೋರುಬಟ್ಟಲು, ಜಾಡಿ, ಕೊಳವೆ ಎಲ್ಲ ತೊಳೆಯಲು ನಿಂತವಳು ನನ್ನ ಮಗಳು, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು. ಅಳಿಯ ಅಷ್ಟು ಹೊತ್ತಿಗೆ ಸ್ನೇಹಿತನಿಗೆ ಫೋನಿನಲ್ಲಿ ಶಾಖದ ಲೆಕ್ಕ ಹೇಳುತ್ತಿದ್ದ. ನಾನು ಮಗುವನ್ನೆತ್ತಿಕೊಂಡು ಅವನ ಎದುರಿಗೆ ನಿಂತೆ, ಏನೂ ಮಾತಾಡಲಿಲ್ಲ. ಮುಂದಿನ ಶನಿವಾರದಿಂದ ಅವನೇ ತೊಳೆದ. ಒಳ್ಳೆಯ ಹುಡುಗ, ಹೇಳಿಕೊಡುವವರು ಬೇಕಷ್ಟೆ.

ನಾನು ಬಾಟಲಿಯದನ್ನು ಕುಡಿಯಲಿಲ್ಲ. ಮಡಿಯಿಂದಲ್ಲ. ಕಾರಣ ಮುಂದೆ ಹೇಳುತ್ತೇನೆ.

ಅಳಿಯನ ಕಪಾಟಿನಲ್ಲಿ ಈ ವಿದ್ಯೆಯ ಮೇಲೆ ಏಳೆಂಟು ಪುಸ್ತಕಗಳಿದ್ದವು. ತಿರುವಿ ನೋಡಿದೆ. ನಾನು ಕಂಡ ಚಿತ್ರಗಳಲ್ಲಿ ಗಡ್ಡ ಬಿಟ್ಟ ಗಂಡಸರೇ. ಒಂದು ಶನಿವಾರ ಮನೆಗೆ ಬಂದ ಅವನ ಗೆಳೆಯನೊಬ್ಬ, “ಇದು ಗಂಡಸರ ಅಡುಗೆ ಆಂಟಿ” ಎಂದು ನಕ್ಕ. ನನಗೆ ರೇಗಿದ್ದು ಅಲ್ಲಿ. ನಾನು ಬಿ.ಎ., ಬಿ.ಎಡ್. ಮಾಡಿ ಮೂರು ದಶಕ ಸಮಾಜ ವಿಜ್ಞಾನ ಹೇಳಿದವಳು. ಮೆಸೊಪೊಟೇಮಿಯದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಜಿಗ್ಗುರಾತ್, ಕ್ಯೂನಿಫಾರಂ ಲಿಪಿ, ಹಮ್ಮುರಾಬಿಯ ಕಾನೂನು, ಕಣ್ಣಿಗೆ ಕಣ್ಣು. ಅದೇ ನಾಡಿನ ಜನರಿಗೆ ಬಿಯರಿಗೆಂದೇ ಒಬ್ಬಳು ದೇವತೆ ಇದ್ದಳು, ನಿಂಕಾಸಿ ಎಂದು ಅವಳ ಹೆಸರು, ಸುಮಾರು 3800 ವರ್ಷಗಳ ಹಿಂದಿನ ಮಣ್ಣಿನ ಹಲಗೆಯ ಮೇಲೆ ಅವಳ ಸ್ತುತಿಯಿದೆ, ಆ ಸ್ತುತಿಯೊಳಗೆ ಕಾಳು ನೆನೆಸಿ ಮೊಳಕೆ ಬರಿಸುವ ಕ್ರಮವೂ ಇದೆ ಎಂಬುದನ್ನು ಒಮ್ಮೆಯೂ ಹೇಳಿರಲಿಲ್ಲ. ಹಮ್ಮುರಾಬಿಯ ಕಾನೂನಿನಲ್ಲಿ ಮದ್ಯದಂಗಡಿಯ ನಿಯಮಗಳು ಬರುವಾಗ ಅಂಗಡಿಯವಳು ಎಂದು ಸ್ತ್ರೀಲಿಂಗದಲ್ಲೇ ಇದೆ. ಅಳತೆಯಲ್ಲಿ ಮೋಸ ಮಾಡಿದರೆ ಅವಳನ್ನು ನೀರಿಗೆ ಎಸೆಯಬೇಕಂತೆ. ಶಿಕ್ಷೆಯಲ್ಲಿ ನಮ್ಮನ್ನು ಎಂದೂ ಮರೆತಿಲ್ಲ ನೋಡಿ.

ಇಂಗ್ಲೆಂಡಿನ ಕತೆ ಇನ್ನೂ ಸ್ಪಷ್ಟವಾಗಿದೆ. ಜುಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ ಇದರ ಮೇಲೆ 1996ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. 1300ರ ಸುಮಾರಿಗೆ ಅಲ್ಲಿ ಏಲ್ ಎಂಬ ಧಾನ್ಯದ ಪಾನೀಯ ಮಾಡುವುದು ಬಹುತೇಕ ಹೆಂಗಸರ ಕೆಲಸ. ಹಾಪ್ಸ್ ಹಾಕದ ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗಿಬಿಡುವಂಥದ್ದು, ಆದ್ದರಿಂದ ಮನೆಗಾಗಿ ಮಾಡಿ ಉಳಿದದ್ದನ್ನು ನೆರೆಹೊರೆಗೆ ಮಾರುವುದು. ಹೆಂಗಸಿಗೆ ಕೈಯಲ್ಲಿ ನಾಲ್ಕು ಕಾಸು. ಆಮೇಲೆ ಹಾಪ್ಸ್ ಬಂತು. ಅದು ಪಾನೀಯ ಕೆಡದಂತೆ ಕಾಯುತ್ತದೆ ಎಂದು ಹನ್ನೆರಡನೆಯ ಶತಮಾನದಲ್ಲೇ ಬರೆದಿಟ್ಟವಳೂ ಒಬ್ಬ ಹೆಂಗಸು, ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್. ಆದರೆ ಕೆಡದೆ ಉಳಿಯುವ ವಸ್ತುವನ್ನು ದೂರಕ್ಕೆ ಸಾಗಿಸಬಹುದು, ದೊಡ್ಡ ಕೊಪ್ಪರಿಗೆಯಲ್ಲಿ ಮಾಡಬಹುದು. ದೊಡ್ಡ ಕೊಪ್ಪರಿಗೆಗೆ ದೊಡ್ಡ ಬಂಡವಾಳ. ಬಂಡವಾಳಕ್ಕೆ ಸಾಲ. ಗಂಡನಿರುವ ಹೆಂಗಸಿಗೆ ಆ ಕಾಲದಲ್ಲಿ ತನ್ನ ಹೆಸರಿನ ಸಾಲವೆಲ್ಲಿ, ಆಸ್ತಿಯೆಲ್ಲಿ? 1600ರ ಹೊತ್ತಿಗೆ ಕಸುಬು ಬಹುಪಾಲು ಗಂಡಸರ ಕೈಗೆ ಹೋಗಿಯಾಗಿತ್ತು. ಉಳಿದ ಹೆಂಗಸರಿಗೆ ಸಿಕ್ಕಿದ್ದು ಅಪಹಾಸ್ಯ. ಲಡ್ಲೋ ಎಂಬ ಊರಿನ ಚರ್ಚಿನಲ್ಲಿ ಒಂದು ಮರದ ಕೆತ್ತನೆಯಿದೆ: ಕೈಯಲ್ಲಿ ಅಳತೆಯ ಪಾತ್ರೆ ಹಿಡಿದ ಏಲ್ ಮಾರುವವಳನ್ನು ದೆವ್ವ ನರಕಕ್ಕೆ ಹೊತ್ತೊಯ್ಯುತ್ತಿದೆ.

ಬ್ರೂಸ್ಟರ್ ಎಂಬ ಇಂಗ್ಲಿಷ್ ಮನೆತನದ ಹೆಸರು ಬಿಯರ್ ಕಾಯಿಸುವವಳು ಎಂಬುದರಿಂದ ಬಂದದ್ದು. ಸ್ಪಿನ್‌ಸ್ಟರ್ ಎಂದರೆ ನೂಲುವವಳು. ನೂಲಿ ಸ್ವಂತ ಕಾಲ ಮೇಲೆ ನಿಂತವಳ ಹೆಸರು ಮದುವೆಯಾಗದೆ ಉಳಿದವಳ ಹೆಸರಾಗಿಬಿಟ್ಟಿತು. ಈ ಪದವನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಯಾರ ಬಗ್ಗೆ, ಯಾವ ದನಿಯಲ್ಲಿ ಆಡುತ್ತಿದ್ದರೆಂದು ನನಗೆ ನೆನಪಿದೆ. ಇರಲಿ.

ಹಾಗಾದರೆ, ಕಳೆದುಹೋದದ್ದು ಹೋಯಿತು, ಬಿಯರ್ ಮಾಡುವ ಭಾಗ್ಯವೇ ಬೇಕಿತ್ತೇ ಹೆಂಗಸರಿಗೆ ಎಂದು ನೀವು ಕೇಳಬಹುದು. ದಕ್ಷಿಣ ಆಫ್ರಿಕದ ಒಂದು ಸಂಗತಿ ಹೇಳುತ್ತೇನೆ, ಇದು ನಮ್ಮ ಕಾಲಕ್ಕೆ ಹತ್ತಿರದ್ದು. ಅಲ್ಲಿಯ ಕಪ್ಪು ಹೆಂಗಸರು ಮೊಳಕೆ ಜೋಳದಿಂದ ಮನೆಯಲ್ಲಿ ಒಂದು ಬಗೆಯ ಮಂದವಾದ, ಮತ್ತು ಕಡಿಮೆ ಇರುವ ಬಿಯರ್ ಮಾಡುತ್ತಿದ್ದರು. ಅರ್ಧ ಊಟ, ಅರ್ಧ ಪಾನೀಯ ಅದು. ಹಳ್ಳಿ ಬಿಟ್ಟು ಡರ್ಬನ್ ಪಟ್ಟಣದ ಅಂಚಿಗೆ ಬಂದ ಹೆಂಗಸರಿಗೆ ಅದನ್ನು ಮಾರುವುದೇ ಜೀವನ. ಬಿಳಿಯರ ಆಡಳಿತ 1908ರಲ್ಲಿ ಕಾನೂನು ಮಾಡಿ ಪಟ್ಟಣದೊಳಗೆ ಈ ಬಿಯರನ್ನು ಮಾಡಿ ಮಾರುವ ಏಕಸ್ವಾಮ್ಯವನ್ನು ಪುರಸಭೆಗಳಿಗೆ ಕೊಟ್ಟಿತು. ಪುರಸಭೆ ಬಿಯರ್ ಹಾಲುಗಳನ್ನು ತೆರೆಯಿತು. ಕಪ್ಪು ಜನರ ಮೇಲಿನ ಆಡಳಿತದ ಖರ್ಚು ಆ ಬಿಯರಿನ ಲಾಭದಿಂದಲೇ ನಡೆಯುತ್ತಿತ್ತು. ಅಂದರೆ ಗಂಡಸರ ಕೂಲಿ ಪುರಸಭೆಯ ಬಿಯರ್ ಹಾಲಿಗೆ, ಹೆಂಗಸರ ಮನೆಯ ಪೀಪಾಯಿಗಳ ಮೇಲೆ ಪೊಲೀಸರ ದಾಳಿ. 1959ರ ಜೂನಿನಲ್ಲಿ ಡರ್ಬನ್ನಿನ ಕೇಟೋ ಮ್ಯಾನರ್ ಎಂಬಲ್ಲಿ ಹೆಂಗಸರು ಕೋಲು ಹಿಡಿದು ಬಿಯರ್ ಹಾಲಿಗೆ ನುಗ್ಗಿದರು. ಕುಡಿಯುತ್ತ ಕುಳಿತ ಗಂಡಸರನ್ನು ಹೊರಗೆ ಅಟ್ಟಿದರು, ಬಿಯರನ್ನು ನೆಲಕ್ಕೆ ಚೆಲ್ಲಿದರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಆ ಹೆಂಗಸರು ಕುಡಿತದ ವಿರೋಧಿಗಳೂ ಹೌದು, ಬಿಯರ್ ಮಾಡುವವರೂ ಹೌದು. ನಮ್ಮ ತಲೆಯಲ್ಲಿ ಇವೆರಡೂ ಒಟ್ಟಿಗೆ ಕೂಡುವುದೇ ಇಲ್ಲ. ನಮಗೆ ಕಲಿಸಿರುವುದು ಒಂದೇ ಪಾತ್ರ: ಕುಡಿದು ಬಂದವನಿಗೆ ಬಾಗಿಲು ತೆರೆಯುವವಳು.

ಈಗ ಅಕ್ಕನ ವಿಷಯ. ಅವಳ ಗಂಡ, ನಮ್ಮ ಭಾವ, ತೊಂಬತ್ತರ ದಶಕದಲ್ಲಿ ಸಾರಾಯಿ ಪ್ಯಾಕೆಟ್ಟಿಗೆ ಬಿದ್ದವರು. ಆ ಪ್ಯಾಕೆಟ್ಟುಗಳನ್ನು ಈಗಿನ ಹುಡುಗಿಯರು ನೋಡಿರಲಾರರು. ಅಂಗೈಯಗಲದ ಪ್ಲಾಸ್ಟಿಕ್ ಚೀಲ, ಹಲ್ಲಿನಿಂದ ಕಚ್ಚಿ ಹರಿದು ನಿಂತಲ್ಲೇ ಸುರಿದುಕೊಳ್ಳುವುದು. ಚರಂಡಿಯ ತುಂಬ ಅವೇ. ಅಕ್ಕನ ಎರಡೆಳೆ ಸರ ಹೋಯಿತು, ಎಮ್ಮೆ ಹೋಯಿತು, ಹಿಂದಿನ ಎರಡು ಪಲ್ಲ ರಾಗಿ ಬೆಳೆಯುವ ಹೊಲ ಅಡವಿಗೆ ಹೋಯಿತು. ಭಾವ 2004ರಲ್ಲಿ ಹೋದರು, ಯಕೃತ್ತು ಕೆಟ್ಟು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪೇಪರಿನಲ್ಲಿ ಓದಿ ಹೇಳಿದಾಗ ಅಕ್ಕ, “ಮೂರು ವರ್ಷ ತಡವಾಯ್ತು ಕಣೇ” ಎಂದು ಒಳಗೆ ಹೋದಳು. ನಾನು ಪೋರ್ಟ್‌ಲ್ಯಾಂಡಿನಲ್ಲಿ ಅಳಿಯನ ಬಾಟಲಿಯನ್ನು ಮುಟ್ಟದಿದ್ದುದು ಅವಳಿಗಾಗಿ. ತರ್ಕವಿಲ್ಲ ಅದರಲ್ಲಿ, ಒಪ್ಪುತ್ತೇನೆ.

ನಿಷೇಧದಿಂದ ಏನಾಯಿತು ಎಂದು ನಿಮಗೂ ಗೊತ್ತು. ಸಾರಾಯಿ ಹೋದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ರಮ್ಮು, ಬ್ರಾಂದಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬಂದು ಕುಳಿತವು. ಇವುಗಳಲ್ಲಿ ಆಲ್ಕೋಹಾಲ್ ನೂರಕ್ಕೆ 42.8ರಷ್ಟು, ಅಳಿಯ ಒಂದು ತಿಂಗಳು ಕಾದು ಮಾಡಿದ ಬಿಯರಿನಲ್ಲಿ ಐದರ ಸುಮಾರು. ಅಬಕಾರಿಯಿಂದ ನಮ್ಮ ರಾಜ್ಯಕ್ಕೆ 2023-24ರಲ್ಲಿ ಬಂದದ್ದು ಮೂವತ್ತು ಸಾವಿರ ಕೋಟಿ ರೂಪಾಯಿಗೂ ಮೇಲೆ. ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಸರ್ಕಾರ ಶ್ರಮಿಸಬೇಕು ಎನ್ನುತ್ತದೆ, ನಾನೇ ಪಾಠ ಮಾಡಿದ್ದೇನೆ. ನನ್ನ ಸಂಬಳದಲ್ಲೂ ಆ ಕೋಟಿಗಳ ಪಾಲಿದೆ ಎಂಬುದನ್ನು ಮಾತ್ರ ತರಗತಿಯಲ್ಲಿ ಹೇಳಲು ಧೈರ್ಯವಾಗಲಿಲ್ಲ. ಡರ್ಬನ್ನಿನ ಪುರಸಭೆಯನ್ನು ಬಯ್ಯುವುದು ಸುಲಭ.

ಅದೇ ಸಮಯದಲ್ಲಿ 1965ರ ನಮ್ಮ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ, ದಯವಿಟ್ಟು, ಮೇಲೆ ನಾನು ಬರೆದದ್ದನ್ನು ಯಾರೂ ಅಡುಗೆ ಪುಸ್ತಕದಂತೆ ಬಳಸಬೇಡಿ. ಅಮೆರಿಕದಲ್ಲೂ ಅದು ಬಹುಕಾಲ ಅಪರಾಧವೇ ಆಗಿತ್ತು. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾನೂನಿನಿಂದ ಮನೆಯ ಬಳಕೆಗೆ, ಮಾರುವಂತಿಲ್ಲ ಎಂಬ ಕಟ್ಟಿನೊಂದಿಗೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಬಿಡುವು ಸಿಕ್ಕಿತು. ನಮ್ಮಲ್ಲಿ ಹಾಗೆ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಇಷ್ಟು: ಬೆಂಗಳೂರಿನಲ್ಲಿ ಗಾಜಿನ ಗೋಡೆಯ ಹಿಂದೆ ಹೊಳೆಯುವ ಹಂಡೆಗಳನ್ನಿಟ್ಟು ಸ್ಥಳದಲ್ಲೇ ಬಿಯರ್ ಮಾಡಿ ಕೊಡುವ ಹೋಟೆಲುಗಳಿವೆ. ಅಲ್ಲಿ ಹಂಡೆಯ ಮುಂದೆ ನಿಂತವನು ಕಲಾವಿದ, ಪತ್ರಿಕೆಗಳಲ್ಲಿ ಅವನ ಸಂದರ್ಶನ. ಜಾರ್ಖಂಡದ ಸಂತೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ಅನ್ನದಿಂದ ಹುದುಗು ಬರಿಸಿದ ಹಂಡಿಯಾ ಮುಂದಿಟ್ಟುಕೊಂಡು ಕುಳಿತ ಆದಿವಾಸಿ ಹೆಂಗಸು ಮಾತ್ರ ಹಿಂದುಳಿದವಳು, ಸಮಾಜವನ್ನು ಹಾಳು ಮಾಡುವವಳು. ಸಿಕ್ಕಿಮ್‌ನ ಮನೆಗಳಲ್ಲಿ ನಮ್ಮ ರಾಗಿಯನ್ನೇ ಬೇಯಿಸಿ ಹುದುಗಿಸಿ, ಬಿದಿರಿನ ಪಾತ್ರೆಗೆ ತುಂಬಿ ಬಿಸಿನೀರು ಹೊಯ್ದು, ಅತಿಥಿಗೆ ಕೊಳವೆಯಲ್ಲಿ ಕುಡಿಯಲು ಕೊಡುತ್ತಾರೆ. ನಮ್ಮ ಬೈಲುಕುಪ್ಪೆಯಲ್ಲಿ ಅರುವತ್ತರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿನವರ ಹೊಸ ವರ್ಷ ಲೋಸರ್‌ಗೂ ಛಾಂಗ್ ಎಂಬ ಧಾನ್ಯದ ಪಾನೀಯ ಸೇರಿದ್ದೇ. ಇವರೆಲ್ಲರ ಮನೆಗಳಲ್ಲಿ ಇದು ಅಡುಗೆಯ ಒಂದು ಭಾಗ, ಹೆಂಗಸಿನ ಕೈಗುಣದ ಮಾತು. ನಮ್ಮ ಹೆಪ್ಪಿನ ಹಾಗೆ ಪಕ್ಕದ ಮನೆಯಿಂದ ಕೇಳಿ ತರುವ ಹುದುಗಿನ ಮಾತು.

ಇಲ್ಲಿ ನನ್ನ ವಾದಕ್ಕೆ ಒಂದು ತೂತಿದೆ, ನಾನೇ ತೋರಿಸುತ್ತೇನೆ. ಗಡಿಗೆಯಲ್ಲಿ ಹೆಂಡತಿಯೇ ಮಾಡಿದ್ದನ್ನು ಕುಡಿದ ಗಂಡಸು ದೇವರಾಗುವುದಿಲ್ಲ. ಹಂಡಿಯಾ ಕುಡಿದೂ ಹೊಡೆಯುವವರಿದ್ದಾರೆ, ಆ ಊರುಗಳ ಹೆಂಗಸರೂ ಅದರ ವಿರುದ್ಧ ನಿಂತದ್ದಿದೆ. ಇನ್ನು ಕದ್ದು ಬಟ್ಟಿ ಇಳಿಸುವುದಂತೂ ಬೇರೆಯೇ ಮಾತು, ಅದು ಹುದುಗಿಸುವುದಲ್ಲ, ಹುದುಗಿದ್ದನ್ನು ಕಾಯಿಸಿ ಆವಿಯನ್ನು ಹಿಡಿಯುವುದು. ಅದರ ಮೇಲೆ ಕಲಬೆರಕೆ ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗ ನನಗೆ ಹದಿಮೂರು ವರ್ಷ, ಪೇಪರಿನಲ್ಲಿ ಸಾಲಾಗಿ ಮಲಗಿಸಿದ್ದ ಹೆಣಗಳ ಚಿತ್ರವನ್ನು ಅಮ್ಮ ಮಡಚಿ ಇಟ್ಟಿದ್ದಳು. ಪಾತ್ರೆಯನ್ನು ಮತ್ತೆ ಹೆಂಗಸಿನ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವಷ್ಟು ದಡ್ಡಿ ನಾನಲ್ಲ.

ಆದರೆ ಒಂದನ್ನು ಗಮನಿಸಿ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಬರುತ್ತಿದ್ದವರು ಅವರು, ಪಠ್ಯದಲ್ಲಿ ಬಂದ ಒಂದು ಪಾಠವನ್ನು ಓದಿ ತಮ್ಮ ಮನೆಯ ಕತೆಯೇ ಇದು ಎಂದು ಎದ್ದವರು. ಕಿಡಿ ರಾಜ್ಯಕ್ಕೆಲ್ಲ ಹಬ್ಬಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಅದೇ ರಾಜ್ಯ ಅದನ್ನು ಹಿಂದಕ್ಕೆ ಪಡೆಯಿತು, ಬೊಕ್ಕಸಕ್ಕೆ ತಾಳಲಾಗಲಿಲ್ಲವೆಂದು. ಹೆಂಗಸರಿಂದ ಕಿತ್ತುಕೊಳ್ಳುವಾಗ ನೈತಿಕತೆಯ ಮಾತು, ಹೆಂಗಸರು ಬೇಡವೆಂದಾಗ ಬೊಕ್ಕಸದ ಮಾತು. ಡರ್ಬನ್ನಿನಲ್ಲಿ ಇದೇ, ನೆಲ್ಲೂರಿನಲ್ಲೂ ಇದೇ.

ನಮ್ಮ ಕೂಟದ ಗೆಳತಿ ಸಭೆಯಲ್ಲಿ ಹೇಳಬಾರದ ಮಾತು ಎಂದರಲ್ಲ, ನನ್ನ ಜಗಳ ಅವರ ಆ ಒಂದು ಮಾತಿನೊಂದಿಗೆ. ಮೂವತ್ತು ಸಾವಿರ ಕೋಟಿಯ ವ್ಯವಹಾರ, ನಮ್ಮ ಮನೆಗಳ ಎಮ್ಮೆ, ಸರ, ಹೊಲಗಳನ್ನು ತಿಂದದ್ದು, ಅದರ ಬಗ್ಗೆ ತಿಳಿದುಕೊಳ್ಳುವುದೇ ಕೊಳಕು ಎಂದು ನಾವು ಮೂಗು ಮುಚ್ಚಿಕೊಂಡರೆ ಲಾಭ ಯಾರಿಗೆ? ಬೀರು ಬ್ರಾಂದಿ ಎಂಬ ವ್ಯತ್ಯಾಸವೂ ನಮಗೆ ಗೊತ್ತಿರಬಾರದಂತೆ. ನೂರಕ್ಕೆ ಎಷ್ಟು ಎಂಬ ಲೆಕ್ಕ ಗೊತ್ತಿರಬಾರದಂತೆ. ನಮ್ಮ ಬೀದಿಯಲ್ಲಿ ಅಂಗಡಿ ತೆರೆಯಲು ಯಾರು ಅನುಮತಿ ಕೊಟ್ಟರು ಎಂದು ಕೇಳಬಾರದಂತೆ. ಪಾತ್ರೆಯಲ್ಲಿ ಏನಿದೆಯೆಂದು ಬಲ್ಲವಳಿಗೆ ಮಾತಾಡುವ ಹಕ್ಕು ಬರುತ್ತದೆ. ಬರೀ ಅಳುವವಳಿಗೆ ಕನಿಕರ ಮಾತ್ರ, ಅದೂ ಚುನಾವಣೆಯ ಮುಂಚೆ. ಶಾಲೆಯಿಂದ ಇನ್ನೂರು ಹೆಜ್ಜೆಯಲ್ಲಿ ಅಂಗಡಿ ಬರುತ್ತದೆಂದು ಗುಸುಗುಸು ಎದ್ದಾಗ ನಾನೂ ಸಹೋದ್ಯೋಗಿಗಳೂ ಸಹಿ ಹಾಕಿ ಅರ್ಜಿ ಕೊಟ್ಟೆವು. ಕೂಟದ ಗೆಳತಿಯರಲ್ಲಿ ನಾಲ್ಕು ಜನ ಸಹಿ ಹಾಕಿದರು. ಉಳಿದವರು, ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಎಂದರು.

ಊರಿಗೆ ಬಂದ ವಾರವೇ ಅಕ್ಕನ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕುಳಿತು ಪಕ್ಕದ ಮನೆಯ ಬಾಣಂತಿಯ ಮಗುವಿಗೆಂದು ರಾಗಿ ಕಟ್ಟು ಬಿಚ್ಚಿ ನೋಡುತ್ತಿದ್ದಳು. ಅಳಿಯನ ಕತೆಯನ್ನು ಹೇಳಲೋ ಬೇಡವೋ ಎಂದು ಹಿಂಜರಿದೆ. ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮೊಳಕೆಯ ಮಾತು ಬಂದಾಗ ಕೈ ನಿಲ್ಲಿಸಿ ಕೇಳಿದಳು. ಎಷ್ಟು ದಿನ ಮೊಳಕೆ ಬರಿಸುತ್ತಾರೆ ಎಂದಳು. ನಾಲ್ಕೈದು ದಿನ ಎಂದೆ. “ಬಾರ್ಲಿ ದಪ್ಪಕಾಳು, ಬೇಕಾಗತ್ತೆ” ಎಂದಳು. ಹೊದಿಕೆ ಸುತ್ತಿದ್ದು ಹೇಳಿದಾಗ ತಲೆಯಾಡಿಸಿದಳು. ತೊಳೆಯುವವರು ಯಾರು ಎಂದು ಕೇಳಿದಳು, ಅದಕ್ಕೂ ಹೇಳಿದೆ, ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು,

“ಕುದಿಸೋಕ್ಮುಂಚೆ ವಾಸನೆ ಹೆಂಗಿತ್ತು?” ಎಂದಳು.

“ಸರಿಹಿಟ್ಟಿನ ವಾಸನೆಯೇ ಅಕ್ಕ.”

ಅವಳು ಕಟ್ಟಿನೊಳಗೆ ಬೆರಳಾಡಿಸುತ್ತ ಕುಳಿತಳು.

“ನಿಮ್ ಭಾವನ ಬಾಯಿಂದ ಒಂದು ದಿನವೂ ಆ ವಾಸನೆ ಬರ್ಲಿಲ್ಲ ಕಣೇ” ಎಂದಳು. ಆಮೇಲೆ ಬಟ್ಟೆಯ ತುದಿ ನನ್ನ ಕೈಗಿಟ್ಟು, “ಒಣಗ್ತಾ ಇದೆ ನೋಡು, ಎದ್ದು ಒಂಚೂರು ನೀರು ಚಿಮುಕಿಸು” ಎಂದಳು.